ಮೊದಲ ಎರಡು ವರ್ಷ ಜಿಪಿಎ ಬಿದ್ದಿದೆ, ಡೆಂಟಲ್ ಸ್ಕೂಲ್‌ಗೆ ಈ ಜೂನ್‌ನಲ್ಲೇ ಅರ್ಜಿ ಹಾಕಬೇಕಾ?

ಮಲ್ನಾಡ್_ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಇಲ್ಲಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಬಯಾಲಜಿ ಓದುತ್ತಿದ್ದಾಳೆ, ಮೂರನೇ ವರ್ಷ ಮುಗಿಯುತ್ತಾ ಬಂತು. ಅವಳಿಗೆ ಡೆಂಟಿಸ್ಟ್ ಆಗಬೇಕು ಅಂತ ಹೈಸ್ಕೂಲ್‌ನಿಂದಲೂ ಆಸೆ. ನಾವು ಹೇರಿದ್ದಲ್ಲ, ಅವಳೇ ಹಿಡಿದ ಹಟ.

ಮೊದಲ ವರ್ಷ ಜಿಪಿಎ (ಎಲ್ಲ ಗ್ರೇಡ್‌ಗಳ ಸರಾಸರಿ, 4ಕ್ಕೆ) 2.6, ಎರಡನೇ ವರ್ಷ 2.8. ಹೈಸ್ಕೂಲ್‌ನಲ್ಲಿ ಎಪಿ ಕೆಮಿಸ್ಟ್ರಿ (ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಮಾಡಿದ್ದರಿಂದ ಕಾಲೇಜಿನಲ್ಲಿ ಜನರಲ್ ಕೆಮಿಸ್ಟ್ರಿ ಬಿಟ್ಟು ನೇರವಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೋದಳು, ಮೊದಲ ಸೆಮಿಸ್ಟರ್‌ನಲ್ಲೇ ಡಿ ಗ್ರೇಡ್ ಬಂತು. ಮುನ್ನೂರು ಜನರ ಕ್ಲಾಸು, ಅರ್ಥ ಆಗದಿದ್ದರೆ ಪ್ರೊಫೆಸರ್ ಹತ್ತಿರ ಹೋಗಿ ಕೇಳಬೇಕು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅದನ್ನೇ ಮತ್ತೆ ತೆಗೆದುಕೊಂಡು ಎ ತಂದಳು. ಈ ವರ್ಷ 3.8 ಇದೆ, ಬಯೋಕೆಮಿಸ್ಟ್ರಿ ಸೇರಿ. ಡಿ ಇದ್ದ ಜಾಗದಲ್ಲಿ ಈಗ ಎ ಲೆಕ್ಕ ಆಗಿದೆ, ಕಾಲೇಜಿನ ಪೋರ್ಟಲ್ 3.16 ತೋರಿಸುತ್ತಿದೆ.

ಜೂನ್‌ನಲ್ಲಿ ಅರ್ಜಿ ಹಾಕೋಣ ಅಂತಾಳೆ. ಅವಳ ಗೆಳತಿಯರೆಲ್ಲ ಹಾಕುತ್ತಿದ್ದಾರೆ. ನಮ್ಮ ಯಜಮಾನರು ಒಂದು ವರ್ಷ ಬಿಡು ಅಂತಾರೆ. ಮನೆಯಲ್ಲಿ ದಿನಾ ಇದೇ ಮಾತು. ಈ ದಾರಿ ತುಳಿದವರು ಯಾರಾದರೂ ಇದ್ದರೆ ದಯವಿಟ್ಟು ನೇರವಾಗಿ ಹೇಳಿ, ಸಮಾಧಾನಕ್ಕೆ ಹೇಳಬೇಡಿ.

ಎರಡನೇ_ಬೆಂಚು:

ಅಕ್ಕಾ, ನಾನು ಈಗ ಡೆಂಟಲ್ ಸ್ಕೂಲ್‌ನಲ್ಲಿ ಮೂರನೇ ವರ್ಷ. ನನ್ನ ಮೊದಲ ಎರಡು ವರ್ಷವೂ ಹೀಗೇ ಇತ್ತು. ಅದಕ್ಕೇ ಮೊದಲು ಕಹಿ ವಿಷಯ ಹೇಳಿಬಿಡುತ್ತೇನೆ.

ಪೋರ್ಟಲ್‌ನ 3.16 ಮರೆತುಬಿಡಿ. ಡೆಂಟಲ್ ಸ್ಕೂಲ್‌ಗಳಿಗೆಲ್ಲ ಒಂದೇ ಅರ್ಜಿ ಹೋಗೋದು ಆಡ್ಸಾಸ್ ಅನ್ನೋ ಕೇಂದ್ರ ಅರ್ಜಿ ವ್ಯವಸ್ಥೆ ಮೂಲಕ. ಅವರು ಕಾಲೇಜಿನ ಲೆಕ್ಕ ನೋಡೋದಿಲ್ಲ, ಎಲ್ಲ ಕೋರ್ಸ್‌ಗಳನ್ನೂ ತಾವೇ ಮತ್ತೆ ಕೂಡುತ್ತಾರೆ. ಒಂದೇ ವಿಷಯ ಎರಡು ಸಲ ತೆಗೆದುಕೊಂಡಿದ್ದರೆ ಎರಡೂ ಸೇರುತ್ತವೆ. ನಿಮ್ಮ ಕಾಲೇಜು ಡಿ ಅಳಿಸಿದೆ ಅಂದರೆ ಅದು ಆ ಕಾಲೇಜಿನ ಒಳಗೆ ಮಾತ್ರ. ನೀವು ಟೆಕ್ಸಸ್‌ನವರು, ಅಲ್ಲಿನ ಶಾಲೆಗಳಿಗೆ ಟಿಎಂಡಿಸಾಸ್ ಅಂತ ಬೇರೆ ಅರ್ಜಿ ಇದೆ, ಅಲ್ಲೂ ಇದೇ ನಿಯಮ.

ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ 30 ಕ್ರೆಡಿಟ್ ಅಂದುಕೊಳ್ಳಿ. ಮೊದಲ 60 ಕ್ರೆಡಿಟ್‌ಗೆ ಸರಾಸರಿ 2.7, ಅಂದರೆ 162 ಪಾಯಿಂಟ್. ಈ ವರ್ಷದ 30 ಕ್ರೆಡಿಟ್‌ಗೆ 3.8, ಅಂದರೆ 114. ಒಟ್ಟು 276. ಅದನ್ನ 90ರಿಂದ ಭಾಗಿಸಿದರೆ 3.07. ಈ ಜೂನ್‌ನಲ್ಲಿ ಹಾಕಿದರೆ ಶಾಲೆಗಳ ಕಣ್ಣಿಗೆ ಬೀಳೋದು ಈ 3.07. ಸೀಟು ಸಿಕ್ಕವರ ಸರಾಸರಿ ಸುಮಾರು 3.6 ಇರುತ್ತದೆ.

ಈಗ ನಾಲ್ಕನೇ ವರ್ಷವೂ 3.8 ಬಂತು ಅನ್ನಿ. 390 ಪಾಯಿಂಟ್, 120 ಕ್ರೆಡಿಟ್, 3.25. ಆಮೇಲೆ ಇನ್ನೊಂದು ವರ್ಷ ಪೋಸ್ಟ್‌ಬ್ಯಾಕ್ (ಪದವಿ ಮುಗಿದ ಮೇಲೆ ಮತ್ತೆ ತೆಗೆದುಕೊಳ್ಳುವ ಪದವಿ ಮಟ್ಟದ ಕೋರ್ಸ್‌ಗಳು) ಮಾಡಿ 30 ಕ್ರೆಡಿಟ್‌ಗೆ 3.9 ತಂದರೆ 507 ಪಾಯಿಂಟ್, 150 ಕ್ರೆಡಿಟ್, 3.38. ಎಷ್ಟು ಓದಿದರೂ ಒಟ್ಟು ಜಿಪಿಎ ನಿಧಾನಕ್ಕೇ ಏರೋದು. ಅದನ್ನ ಮೊದಲೇ ತಿಳಿದುಕೊಂಡರೆ ಆಮೇಲೆ ಎದೆ ಒಡೆದುಕೊಳ್ಳೋದು ಬೇಡ.

ಇದರಲ್ಲೇ ಒಳ್ಳೇ ವಿಷಯವೂ ಇದೆ. ಆಡ್ಸಾಸ್ ವರ್ಷವಾರು ಜಿಪಿಎ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. 2.6, 2.8, 3.8, ಆಮೇಲೆ ಮತ್ತೆ 3.8 ಅಂತ ಒಂದರ ಕೆಳಗೊಂದು ಕಂಡರೆ ಯಾರಿಗಾದರೂ ಅರ್ಥ ಆಗುತ್ತದೆ. ಒಂದೇ ವರ್ಷ 3.8 ಇದ್ದರೆ ಅದೃಷ್ಟ ಅಂದುಕೊಳ್ಳಬಹುದು. ಎರಡು ವರ್ಷ ಇದ್ದರೆ ಹಾಗನ್ನೋದು ಕಷ್ಟ. ನನ್ನ ಮಟ್ಟಿಗೆ ನಿಮ್ಮ ಯಜಮಾನರು ಹೇಳ್ತಿರೋದೇ ಸರಿ, ಈ ಜೂನ್ ಬೇಡ.

ಹುಬ್ಬಳ್ಳಿ_ಮಂದಿ:

ಇಷ್ಟೆಲ್ಲಾ ಯಾಕ್ರೀ? ಊರಿಗೆ ಕಳಿಸಿ ಬಿಡಿಎಸ್ ಮಾಡಿಸಿ. ನಮ್ಮ ಅಕ್ಕನ ಮಗ ಮಾಡಿದ. ಮಣಿಪಾಲ ಇದೆ, ಬೆಂಗಳೂರಿದೆ, ದಾವಣಗೆರೆ ಇದೆ, ಎನ್‌ಆರ್‌ಐ ಸೀಟು ಇರುತ್ತದೆ. ಐದು ವರ್ಷಕ್ಕೆ ಡಾಕ್ಟರ್ ಆಗಿ ವಾಪಸ್ ಬರುತ್ತಾಳೆ. ಇಲ್ಲಿ ಈ ಜಿಪಿಎ ಹಿಂದೆ ಓಡೋದು ತಪ್ಪುತ್ತದೆ.

ಮೇಣದ_ಹಲ್ಲು:

ಹುಬ್ಬಳ್ಳಿಯವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ನಾನು ಆ ದಾರಿಯಲ್ಲೇ ಬಂದವಳು, ಹಾಗಾಗಿ ಪೂರ್ತಿ ಹೇಳಬೇಕು. ದಾವಣಗೆರೆಯಲ್ಲಿ ಬಿಡಿಎಸ್ ಮಾಡಿ, ಇಲ್ಲಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ (ಹೊರದೇಶದ ಡೆಂಟಿಸ್ಟ್‌ಗಳಿಗಿರುವ ಕೋರ್ಸ್) ಓದಿ, ಈಗ ಇಲಿನಾಯ್‌ನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ವಾರಕ್ಕೊಂದು ದಿನ ಡೆಂಟಲ್ ಸ್ಕೂಲ್ ಕ್ಲಿನಿಕ್‌ನಲ್ಲಿ ಪಾಠ ಮಾಡುತ್ತೇನೆ, ಸಂದರ್ಶನಕ್ಕೂ ಕೂತಿದ್ದೇನೆ.

ಮೊದಲನೇದು, ಎನ್‌ಆರ್‌ಐ ಸೀಟಾದರೂ ನೀಟ್ ಬರೆಯಲೇಬೇಕು, ಅರ್ಹತೆ ಪಡೆಯಲೇಬೇಕು. ಇಲ್ಲಿನ ಹೈಸ್ಕೂಲ್ ಓದು ಭಾರತದ ಪಿಯುಸಿಗೆ ಸಮ ಅಂತ ಎಐಯು (ಭಾರತದ ಯೂನಿವರ್ಸಿಟಿಗಳ ಸಂಘ) ಕೊಡುವ ಸಮಾನತೆ ಪತ್ರ ಬೇಕು. ಅಮೆರಿಕದಲ್ಲಿ ಮೂರು ವರ್ಷ ಕಾಲೇಜು ಓದಿದ ಹುಡುಗಿ ಮತ್ತೆ ಪಿಯುಸಿ ಫಿಸಿಕ್ಸ್ ಹಿಡಿದು ಕೂರಬೇಕು. ಆಮೇಲೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್.

ಎರಡನೇದು, ಆ ಪದವಿ ಹಿಡಿದುಕೊಂಡು ಬಂದರೆ ಇಲ್ಲಿ ಬಹುತೇಕ ರಾಜ್ಯಗಳಲ್ಲಿ ನೇರವಾಗಿ ಹಲ್ಲು ಮುಟ್ಟುವ ಹಾಗಿಲ್ಲ. ಐಎನ್‌ಬಿಡಿಇ ಅನ್ನೋ ರಾಷ್ಟ್ರೀಯ ಡೆಂಟಲ್ ಬೋರ್ಡ್ ಪರೀಕ್ಷೆ ಪಾಸಾಗಬೇಕು, ಅದು ಎರಡು ದಿನದ ಪರೀಕ್ಷೆ, 500 ಪ್ರಶ್ನೆ. ಆಮೇಲೆ ಕ್ಯಾಪಿಡ್ (ಹೊರದೇಶದ ಡೆಂಟಿಸ್ಟ್‌ಗಳ ಅರ್ಜಿ ವ್ಯವಸ್ಥೆ) ಮೂಲಕ ಅರ್ಜಿ, ಕೆಲವು ಕಡೆ ಬೆಂಚ್ ಟೆಸ್ಟ್ ಅನ್ನೋ ಕೈಕೆಲಸದ ಪರೀಕ್ಷೆ, ಮತ್ತೆ ಎರಡರಿಂದ ಮೂರು ವರ್ಷ ಇಲ್ಲಿನ ಡೆಂಟಲ್ ಸ್ಕೂಲ್, ಇಲ್ಲಿನದೇ ಶುಲ್ಕ. ಆ ಅರ್ಜಿಗೂ ಬಿಡಿಎಸ್ ಅಂಕಗಳನ್ನ ಜಿಪಿಎಗೆ ಪರಿವರ್ತನೆ ಮಾಡಿಸಿ ಕೊಡಬೇಕು. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಯಲ್ಲಿ ಅಂಕ ಕಮ್ಮಿ ಇದ್ದರೆ ಅದೂ ಅಲ್ಲೇ ಕಾಣುತ್ತದೆ. ಜಿಪಿಎಯಿಂದ ತಪ್ಪಿಸಿಕೊಳ್ಳೋಕೆ ಊರಿಗೆ ಹೋದವರು ಅದೇ ಜಿಪಿಎ ಮುಂದೆ ಬಂದು ನಿಲ್ಲುತ್ತಾರೆ, ಅದೂ ಆರೇಳು ವರ್ಷ ಕಳೆದ ಮೇಲೆ. ಕರ್ನಾಟಕದಲ್ಲೇ ಪ್ರಾಕ್ಟೀಸ್ ಮಾಡುವ ಮನಸ್ಸಿದ್ದರೆ ಬಿಡಿಎಸ್ ಒಳ್ಳೇ ದಾರಿ. ಇಲ್ಲೇ ಇರೋರಿಗೆ ಹತ್ತಿರದ ದಾರಿ ಅಲ್ಲ ಅದು.

ಈಗ ಮಗಳ ವಿಷಯ. ಸಂದರ್ಶನದ ಹೊತ್ತಿಗೆ ಫೈಲ್ ಕೈಗೆ ಬಂದಾಗ ನಾನು ನೋಡೋದು ಒಟ್ಟು ಸಂಖ್ಯೆಗಿಂತ ಜಾಸ್ತಿ ಆ 3.8 ಹೇಗೆ ಬಂತು ಅನ್ನೋದನ್ನ. ಸೆಮಿಸ್ಟರ್‌ಗೆ 12 ಕ್ರೆಡಿಟ್ ತೆಗೆದುಕೊಂಡು, ಅದರಲ್ಲಿ ವಿಜ್ಞಾನ ಒಂದೇ ಇದ್ದು ಬಂದ 3.8 ಬೇರೆ. ಒಂದೇ ಸೆಮಿಸ್ಟರ್‌ನಲ್ಲಿ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರೂ ಇದ್ದು ಬಂದ 3.8 ಬೇರೆ. ಡೆಂಟಲ್ ಸ್ಕೂಲ್ ಮೊದಲ ವರ್ಷ ಎಲ್ಲಾ ಒಟ್ಟಿಗೇ ಬೀಳುತ್ತದೆ. ಬೆಳಗ್ಗೆ ಅನಾಟಮಿ, ಹಿಸ್ಟಾಲಜಿ. ಮಧ್ಯಾಹ್ನ ಲ್ಯಾಬ್‌ನಲ್ಲಿ ಮೇಣದ ಹಲ್ಲು. ಉಪಕರಣದ ತುದಿಯನ್ನ ಉರಿಗೆ ಹಿಡಿದು ಮೇಣ ಮುಟ್ಟಿಸಿ ಒಂದೊಂದೇ ಹನಿ ಇಟ್ಟು ದವಡೆ ಹಲ್ಲಿನ ಗುಬುಟು ಕಟ್ಟಬೇಕು. ಉರಿ ಜಾಸ್ತಿ ಆದರೆ ಅಲ್ಲಿವರೆಗೆ ಕಟ್ಟಿದ್ದೂ ಕರಗಿ ಹರಿದುಹೋಗುತ್ತದೆ, ಮತ್ತೆ ಮೊದಲಿಂದ. ಮರುದಿನ ಬೆಳಗ್ಗೆ ಬಯೋಕೆಮಿಸ್ಟ್ರಿ ಪರೀಕ್ಷೆ ಇರುತ್ತದೆ. ಆ ಹೊರೆ ಹೊರಬಲ್ಲಳಾ ಅನ್ನೋದೇ ನಮ್ಮ ಪ್ರಶ್ನೆ, ಹದಿನೆಂಟನೇ ವಯಸ್ಸಿನಲ್ಲಿ ಏನಾಯ್ತು ಅನ್ನೋದಲ್ಲ.

ಮಲ್ನಾಡ್_ಅಮ್ಮ:

ಮೇಡಂ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಕಾಲೇಜಿನ ಸಲಹೆಗಾರರು ಪೋರ್ಟಲ್ ಸಂಖ್ಯೆ ನೋಡಿ ಪರವಾಗಿಲ್ಲ ಅಂದಿದ್ದರು. ಈ ಸೆಮಿಸ್ಟರ್ 14 ಕ್ರೆಡಿಟ್, ಬಯೋಕೆಮಿಸ್ಟ್ರಿ ಮತ್ತು ಜೆನೆಟಿಕ್ಸ್ ಇತ್ತು. ಸಿ ಬಂದ ವಿಷಯಗಳು ಇನ್ನೂ ಮೂರಿವೆ, ಬಯಾಲಜಿ 1, ಫಿಸಿಕ್ಸ್ 1, ಸ್ಟ್ಯಾಟಿಸ್ಟಿಕ್ಸ್. ಅವನ್ನೂ ಮತ್ತೆ ತೆಗೆದುಕೊಳ್ಳಬೇಕಾ? ಡ್ಯಾಟ್ (ಡೆಂಟಲ್ ಸ್ಕೂಲ್ ಪ್ರವೇಶ ಪರೀಕ್ಷೆ) ಇನ್ನೂ ಬರೆದಿಲ್ಲ.

ಎರಡನೇ_ಬೆಂಚು:

ಸಿ ಇರೋದನ್ನ ಮತ್ತೆ ತೆಗೆದುಕೊಳ್ಳಬೇಡಿ ಅಕ್ಕಾ. ಡಿ ಇದ್ದರೆ ಬೇರೆ ದಾರಿ ಇಲ್ಲ, ಬಹುತೇಕ ಶಾಲೆಗಳು ಕಡ್ಡಾಯ ವಿಷಯದಲ್ಲಿ ಸಿ ಗ್ರೇಡ್‌ಗಿಂತ ಕೆಳಗಿದ್ದರೆ ಒಪ್ಪೋದಿಲ್ಲ, ಅದನ್ನ ಅವಳು ಆಗಲೇ ಸರಿ ಮಾಡಿಕೊಂಡಿದ್ದಾಳೆ. ಆದರೆ ಬಯಾಲಜಿ 1 ಮತ್ತೆ ಮಾಡಿ ಎ ತಂದರೆ ಯಾರೂ ಬೆರಗಾಗೋದಿಲ್ಲ, ಹಳೇ ಸಿ ಹೇಗೂ ಲೆಕ್ಕದಲ್ಲೇ ಉಳಿಯುತ್ತದೆ. ಅದೇ ನಾಲ್ಕು ಕ್ರೆಡಿಟ್ ಫಿಸಿಯಾಲಜಿ, ಇಮ್ಯುನಾಲಜಿ, ಅನಾಟಮಿ ಮೇಲೆ ಹಾಕಿದರೆ ಜಿಪಿಎ ಅಷ್ಟೇ ಏರುತ್ತದೆ, ನೋಡುವವರಿಗೆ ನಂಬಿಕೆ ಜಾಸ್ತಿ ಬರುತ್ತದೆ. ಸಿ ಮೈನಸ್ ಏನಾದರೂ ಇದ್ದರೆ ಮಾತ್ರ ಆಯಾ ಶಾಲೆಯ ನಿಯಮ ಒಂದೊಂದಾಗಿ ನೋಡಿ.

ಇನ್ನೊಂದು, ಅವಳು ಎಪಿಯಿಂದ ಜನರಲ್ ಕೆಮಿಸ್ಟ್ರಿ ಬಿಟ್ಟಳು ಅಂದಿರಿ. ಕೆಲವು ಶಾಲೆಗಳು ಎಪಿ ಕ್ರೆಡಿಟ್ ಒಪ್ಪೋದಿಲ್ಲ, ಕೆಲವು ಅದರ ಜೊತೆಗೆ ಮೇಲಿನ ಹಂತದ ಕೋರ್ಸ್ ಕೇಳುತ್ತವೆ. ನಾಲ್ಕನೇ ವರ್ಷದ ವಿಷಯ ಆರಿಸುವ ಮೊದಲೇ ಅವಳಿಗೆ ಬೇಕಾದ ಶಾಲೆಗಳ ಪುಟಗಳನ್ನ ಕೂತು ಓದಲಿ. ಹೈಸ್ಕೂಲ್‌ನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಡ್ಯುಯಲ್ ಕ್ರೆಡಿಟ್ (ಹೈಸ್ಕೂಲ್‌ಗೂ ಕಾಲೇಜಿಗೂ ಲೆಕ್ಕ ಆಗುವ ಕೋರ್ಸ್) ಏನಾದರೂ ಮಾಡಿದ್ದರೆ ಆ ಟ್ರಾನ್ಸ್‌ಕ್ರಿಪ್ಟ್ (ಗ್ರೇಡ್ ಪಟ್ಟಿ) ಕೂಡ ಕಳಿಸಬೇಕು, ಆ ಗ್ರೇಡ್ ಕೂಡ ಸೇರುತ್ತದೆ. ಅಲ್ಲಿ ಎ ಇದ್ದರೆ ಲಾಭವೇ.

ಡ್ಯಾಟ್ ಬಗ್ಗೆ. ಜಿಪಿಎ ಬಿದ್ದಿರೋರಿಗೆ ಇದೊಂದು ದೊಡ್ಡ ಅವಕಾಶ. 2025ರ ಮಾರ್ಚ್‌ನಿಂದ ಅಂಕ 200ರಿಂದ 600ರ ಅಳತೆಗೆ ಬದಲಾಗಿದೆ. ಹಳೇ ಬರಹಗಳಲ್ಲಿ 20 ಬಂತು, 22 ಬಂತು ಅಂತ ಇರೋದು 30ರ ಹಳೇ ಅಳತೆ, ಎರಡನ್ನೂ ಸುಮ್ನೆ ಹೋಲಿಸಬೇಡಿ, ಅದಕ್ಕೆ ಹೊಂದಾಣಿಕೆ ಪಟ್ಟಿ ಇದೆ. ವಿಜ್ಞಾನದ ಭಾಗದಲ್ಲಿ 100 ಪ್ರಶ್ನೆ, 90 ನಿಮಿಷ. 40 ಬಯಾಲಜಿ, 30 ಜನರಲ್ ಕೆಮಿಸ್ಟ್ರಿ, 30 ಆರ್ಗ್ಯಾನಿಕ್. ಮೊದಲ ವರ್ಷ ಡಿ ಬಂದಿದ್ದ ಆರ್ಗ್ಯಾನಿಕ್‌ನಲ್ಲಿ ಇಲ್ಲಿ ಒಳ್ಳೇ ಅಂಕ ಬಂದರೆ ಆ ಡಿಗೆ ಅದೇ ಉತ್ತರ. ಅವಳು ಬೇರೇನೂ ವಿವರಿಸಬೇಕಿಲ್ಲ.

ಡ್ಯಾಟ್‌ನಲ್ಲಿ ಪ್ಯಾಟ್ ಅನ್ನೋ ಭಾಗ, ಆಕಾರ ಗುರುತಿಸೋ ಪರೀಕ್ಷೆ, ನಮ್ಮ ಮಕ್ಕಳಿಗೆ ಹೊಸದು. 90 ಪ್ರಶ್ನೆ, ಒಂದು ಗಂಟೆ. ಒಂದು ಬಗೆಯಲ್ಲಿ ಚೌಕದ ಕಾಗದವನ್ನ ಎರಡು ಮೂರು ಸಲ ಮಡಚಿ ತೂತು ಹೊಡೆದ ಚಿತ್ರ ಕೊಡುತ್ತಾರೆ, ಬಿಡಿಸಿದರೆ ತೂತು ಎಲ್ಲೆಲ್ಲಿ ಬರುತ್ತದೆ ಅಂತ ಹೇಳಬೇಕು. ಇನ್ನೊಂದರಲ್ಲಿ ನಾಲ್ಕು ಕೋನ ಕೊಟ್ಟು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು ಅಂತಾರೆ, ನೋಡಿದರೆ ನಾಲ್ಕೂ ಒಂದೇ ಥರ. ಇದು ಓದಿ ಬರುವಂಥದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಕಣ್ಣು ಪಳಗಿಸಬೇಕು. ಬೇಸಿಗೆಯಲ್ಲಿ ಅರ್ಜಿ ಹಾಕೋ ಬದಲು ಇದಕ್ಕೆ ಕೂರಲಿ.

ಟೊರಾಂಟೊ_ಕನ್ನಡತಿ:

ಕೆನಡಾದಲ್ಲಿರೋರೂ ಇದನ್ನ ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಇಲ್ಲಿ ದೇಶಕ್ಕೆಲ್ಲ ಇರೋದು ಹತ್ತೇ ಡೆಂಟಲ್ ಸ್ಕೂಲ್, ಅದರಲ್ಲಿ ಕೆಲವು ಫ್ರೆಂಚ್‌ನಲ್ಲಿ. ಆದರೆ ಮೊದಲ ವರ್ಷದ ಗ್ರೇಡ್ ಕೆಟ್ಟಿರೋರಿಗೆ ಒಂದು ಅನುಕೂಲ ಇದೆ. ವೆಸ್ಟರ್ನ್, ಸಸ್ಕಾಚೆವಾನ್ ಥರದ ಕಡೆ ಅತ್ಯುತ್ತಮ ಎರಡು ವರ್ಷದ ಸರಾಸರಿಗೆ ಬೆಲೆ ಕೊಡುವ ಪದ್ಧತಿ ಇದೆ. ಆದರೆ ಆ ವರ್ಷಗಳಲ್ಲಿ ಪೂರ್ತಿ ಕೋರ್ಸ್‌ಗಳನ್ನ ತೆಗೆದುಕೊಂಡಿರಬೇಕು, ಬೇಸಿಗೆ ಕೋರ್ಸ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದಿಲ್ಲ. ಸಸ್ಕಾಚೆವಾನ್‌ನಲ್ಲಿ ಬಹುತೇಕ ಸೀಟು ಆ ಪ್ರಾಂತ್ಯದವರಿಗೇ. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ಕೈಪಿಡಿ ನೋಡಿಯೇ ಲೆಕ್ಕ ಹಾಕಿ.

ನಮ್ಮವರು ಒಂದು ವಿಷಯ ಮಾಡುತ್ತಾರೆ, ಕಷ್ಟದ ಸೆಮಿಸ್ಟರ್‌ನಲ್ಲಿ ಮಕ್ಕಳಿಗೆ ಒಂದು ಕೋರ್ಸ್ ಬಿಡೋಕೆ ಬಿಡೋದಿಲ್ಲ. ಫೀಸು ಕಟ್ಟಿದ್ದೀವಿ, ಹೇಗೋ ಮುಗಿಸು ಅಂತಾರೆ. ಕೋರ್ಸ್ ಮಧ್ಯದಲ್ಲಿ ಬಿಟ್ಟರೆ ಬರುವ ಡಬ್ಲ್ಯೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುತ್ತದೆ ನಿಜ, ಆದರೆ ಜಿಪಿಎಗೆ ಸೇರೋದಿಲ್ಲ. ಡಿ ಸೇರುತ್ತದೆ. ತಂಗಿ ತಮ್ಮಂದಿರು ಕಾಲೇಜಿಗೆ ಸೇರುವ ಮನೆಗಳಲ್ಲಿ ಇದನ್ನ ಮೊದಲೇ ಹೇಳಿಡಿ.

ಹುಬ್ಬಳ್ಳಿ_ಮಂದಿ:

ಮೇಣದ ಹಲ್ಲು ಮೇಡಂ ಹೇಳಿದ್ದು ಒಪ್ಪಿದೆ. ಆದರೂ ಒಂದು ಮಾತು. ಈ ವರ್ಷ ಹಾಕಿ ನೋಡಿದರೆ ತಪ್ಪೇನು? ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ವರ್ಷ ಇದ್ದೇ ಇದೆ. ಒಂದು ವರ್ಷ ಸುಮ್ನೆ ಕೂರೋದಕ್ಕಿಂತ ಮೇಲಲ್ವಾ?

ಮೇಣದ_ಹಲ್ಲು:

ಸುಮ್ನೆ ಕೂರೋದಲ್ಲ ಸರ್, ಅವಳು ನಾಲ್ಕನೇ ವರ್ಷ ಓದುತ್ತಿರುತ್ತಾಳೆ. ಅರ್ಜಿ ಹಾಕುತ್ತಾ ಓದಿದರೆ ಆ ವರ್ಷವೂ ಕೆಡುತ್ತದೆ. ಪ್ರತಿ ಶಾಲೆಗೂ ಬೇರೆ ಪ್ರಬಂಧ, ಬೇರೆ ಶುಲ್ಕ. ಮುಖ್ಯ ಅಂದರೆ ಮುಂದಿನ ವರ್ಷ ಮತ್ತೆ ಹಾಕಿದಾಗ ಹಿಂದೆ ಹಾಕಿದ್ದೀರಾ, ಆಗಿನಿಂದ ಏನು ಬದಲಾಯಿತು ಅಂತ ಕೇಳುತ್ತಾರೆ. 3.07 ಇಟ್ಟುಕೊಂಡು ಹಾಕಿ, ಮರುವರ್ಷ 3.25 ಇಟ್ಟುಕೊಂಡು ಮತ್ತೆ ಹಾಕೋದಕ್ಕಿಂತ, ಮೊದಲ ಸಲವೇ 3.25, ಎರಡು ಗಟ್ಟಿ ವರ್ಷ, ಒಳ್ಳೇ ಡ್ಯಾಟ್ ಇಟ್ಟುಕೊಂಡು ಹೋಗೋದು ಎಷ್ಟೋ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ. ಇಲ್ಲಿ ಅವಸರ ಮಾಡಿ ನೊಂದ ಮಕ್ಕಳನ್ನ ನೋಡಿದ್ದೇನೆ. ಒಂದಲ್ಲ, ಹಲವರು. ಎಲ್ಲ ಕಡೆಯಿಂದ ಬೇಡ ಅಂತ ಬಂದ ಮೇಲೆ ಅವರಲ್ಲಿ ಕೆಲವರು ಆಸೆಯನ್ನೇ ಬಿಟ್ಟರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಲ್ನಾಡ್_ಅಮ್ಮ:

ಮಗಳಿಗೆ ಈ ಎಲ್ಲ ಉತ್ತರ ಓದಿಸಿದೆ. 3.07 ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳೇ ಎಕ್ಸೆಲ್ ಶೀಟ್ ತೆರೆದು ಪ್ರತಿ ಕೋರ್ಸ್ ಹಾಕಿ ನೋಡಿದಳು. ವಿಜ್ಞಾನದ್ದು ಮಾತ್ರ ಬೇರೆ ಕೂಡಿದರೆ ಇನ್ನೂ ಕಮ್ಮಿ ಇದೆ. ಈ ಜೂನ್ ಬೇಡ ಅಂತ ಅವಳೇ ಹೇಳಿದಳು.

ಎರಡು ಪ್ರಶ್ನೆ ಉಳಿದಿವೆ. ನಾಲ್ಕನೇ ವರ್ಷ ಆದ ಮೇಲೂ ಸಾಲದಿದ್ದರೆ ಪೋಸ್ಟ್‌ಬ್ಯಾಕ್ ಒಳ್ಳೇದಾ, ಮಾಸ್ಟರ್ಸ್ ಒಳ್ಳೇದಾ? ಪ್ರಬಂಧದಲ್ಲಿ ಆ ಎರಡು ವರ್ಷದ ಬಗ್ಗೆ ಬರೆಯಬೇಕಾ?

ಎರಡನೇ_ಬೆಂಚು:

ಹೌದು, ವಿಜ್ಞಾನದ ಜಿಪಿಎ ಬೇರೆಯಾಗಿ ತೋರಿಸುತ್ತಾರೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರನ್ನೇ ಕೂಡಿದ್ದೂ ಒಂದಿದೆ. ಅದನ್ನ ಏರಿಸೋದು ಸ್ವಲ್ಪ ಸುಲಭ, ಯಾಕಂದರೆ ಕ್ರೆಡಿಟ್ ಕಮ್ಮಿ. ಉದಾಹರಣೆಗೆ ಮೊದಲ 32 ವಿಜ್ಞಾನ ಕ್ರೆಡಿಟ್‌ಗೆ 2.4, ಆಮೇಲಿನ 40ಕ್ಕೆ 3.8 ಇದ್ದರೆ ಸುಮಾರು 3.18. ಅದರ ಮೇಲೆ 24 ಕ್ರೆಡಿಟ್ ಎಲ್ಲವೂ ಎ ಬಂದರೆ 3.38.

ಪೋಸ್ಟ್‌ಬ್ಯಾಕ್‌ನಲ್ಲಿ ಪದವಿ ಮಟ್ಟದ ಕೋರ್ಸ್‌ಗಳು, ಅವು ಪದವಿಯ ಜಿಪಿಎಗೇ ಸೇರುತ್ತವೆ. ಮಾಸ್ಟರ್ಸ್ ಗ್ರೇಡ್ ಬೇರೆ ಸಾಲಿನಲ್ಲಿ ಕೂರುತ್ತದೆ, ಹಳೇ ಪದವಿ ಸಂಖ್ಯೆ ಅಲ್ಲಾಡೋದಿಲ್ಲ. ಪದವಿ ಜಿಪಿಎ 3ರ ಕೆಳಗಿದ್ದರೆ ಮೊದಲು ಪೋಸ್ಟ್‌ಬ್ಯಾಕ್ ಅನ್ನೋದು ನನ್ನ ಅಭಿಪ್ರಾಯ. 3.2, 3.3 ಬಂದು ನಿಂತಿದ್ದರೆ ಮಾಸ್ಟರ್ಸ್ ಯೋಚಿಸಬಹುದು. ಬಾಸ್ಟನ್ ಯೂನಿವರ್ಸಿಟಿಯ ಓರಲ್ ಹೆಲ್ತ್ ಸೈನ್ಸಸ್ ಮಾಸ್ಟರ್ಸ್ ಇದಕ್ಕೇ ಹೆಸರಾದದ್ದು, ಡೆಂಟಲ್ ವಿದ್ಯಾರ್ಥಿಗಳು ಓದುವ ವಿಷಯಗಳನ್ನೇ ಓದಿಸುತ್ತಾರೆ. ಆದರೆ ಅಲ್ಲಿ ಬಿ ಬಿ ಅಂತ ಬಂದರೆ ಇದ್ದ ಬಾಗಿಲೂ ಮುಚ್ಚುತ್ತದೆ. ದುಡ್ಡೂ ಜಾಸ್ತಿ. ನಾನು ಮಾಡಿದ್ದು ಮನೆ ಹತ್ತಿರದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಪೋಸ್ಟ್‌ಬ್ಯಾಕ್, ಸಂಜೆ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಕೆಲಸ.

ಮೇಣದ_ಹಲ್ಲು:

ಪ್ರಬಂಧದ ಬಗ್ಗೆ ನಾನು ಹೇಳುತ್ತೇನೆ. ಆಡ್ಸಾಸ್‌ನಲ್ಲಿ ಖಾಲಿ ಜಾಗವೂ ಸೇರಿ 4,500 ಅಕ್ಷರ, ಅಷ್ಟೇ. ಅದರಲ್ಲಿ ಮೊದಲ ಎರಡು ವರ್ಷಕ್ಕೆ ಎರಡು ಮೂರು ವಾಕ್ಯ ಸಾಕು. ಏನಾಯ್ತು, ಏನು ಬದಲಾಯಿಸಿದಳು, ಈಗ ಹೇಗಿದೆ. ಪ್ರೊಫೆಸರ್ ಸರಿ ಇರಲಿಲ್ಲ, ಪ್ಯಾಂಡೆಮಿಕ್ ಇತ್ತು, ಹಾಸ್ಟೆಲ್ ಊಟ ಸೇರಲಿಲ್ಲ ಅಂತೆಲ್ಲ ಬರೆಯೋದು ಬೇಡ. ಎಪಿ ನಂಬಿ ನೇರ ಆರ್ಗ್ಯಾನಿಕ್‌ಗೆ ಹೋದೆ, ಆಮೇಲೆ ಪ್ರತಿ ವಾರ ಪ್ರೊಫೆಸರ್ ಕೋಣೆಗೆ ಹೋಗಿ ಕೂತು ಕಲಿತೆ ಅಂತ ಅವಳು ಬರೆದರೆ ನಾನು ನಂಬುತ್ತೇನೆ. ಅದೇ ಪ್ರೊಫೆಸರ್ ಶಿಫಾರಸು ಪತ್ರ ಬರೆದರೆ ಇನ್ನೂ ಒಳ್ಳೇದು. ಡಿ ಕೊಟ್ಟವರೇ ಎ ಕೊಟ್ಟು ಪತ್ರ ಬರೆದರೆ ಅದಕ್ಕಿರುವ ತೂಕ ಬೇರೆ ಯಾವ ಪತ್ರಕ್ಕೂ ಇಲ್ಲ. ಈಗಲೇ ಕೇಳಿಡಲಿ.

ಶ್ಯಾಡೋಯಿಂಗ್ (ಡೆಂಟಿಸ್ಟ್ ಪಕ್ಕ ನಿಂತು ಕೆಲಸ ನೋಡೋದು) ಗಂಟೆ 100 ಅಂತ ಎಲ್ಲರೂ ಹೇಳುತ್ತಾರೆ. ಗಂಟೆ ತುಂಬಿಸೋದಲ್ಲ, ಕಂಡದ್ದನ್ನ ಬರೆದಿಡಲಿ. ಒಂದೇ ಕ್ಲಿನಿಕ್ ಬೇಡ. ಬಡವರಿಗೆ ಚಿಕಿತ್ಸೆ ಕೊಡುವ ಕಮ್ಯುನಿಟಿ ಕ್ಲಿನಿಕ್‌ಗೆ ತಪ್ಪದೆ ಹೋಗಲಿ. ಅಲ್ಲಿ ಹಲ್ಲು ನೋವು ತಡೆಯಲಾರದೆ ಕೆಲಸ ಬಿಟ್ಟು ಬಂದು ಕೂತವರನ್ನ ನೋಡಿದರೆ ಈ ಕೆಲಸ ಬೇಕಾ ಬೇಡವಾ ಅಂತ ಅವಳಿಗೇ ಗೊತ್ತಾಗುತ್ತದೆ.

ಲೆಕ್ಕದ_ಪುಸ್ತಕ:

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗ ಕಳೆದ ವರ್ಷ ಸೇರಿದ. ಡೆಂಟಲ್ ಸ್ಕೂಲ್ ಮುಗಿಸುವವರ ಸಾಲ ಸರಾಸರಿ ಸುಮಾರು 3 ಲಕ್ಷ ಡಾಲರ್ ಇರುತ್ತದೆ. ಕೆಲವು ಖಾಸಗಿ ಶಾಲೆಗಳಲ್ಲಿ ಶುಲ್ಕ, ಬಾಡಿಗೆ, ಊಟ ಸೇರಿ ವರ್ಷಕ್ಕೇ 1 ಲಕ್ಷ ದಾಟುತ್ತದೆ. ಮೊದಲು ಗ್ರ್ಯಾಡ್ ಪ್ಲಸ್ ಅಂತ ಸರ್ಕಾರಿ ಸಾಲ ಇತ್ತು, ಖರ್ಚು ಎಷ್ಟಿದ್ದರೂ ಸಿಗುತ್ತಿತ್ತು. 2025ರ ಕಾನೂನಿನಿಂದ ಅದು 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ವೃತ್ತಿ ಕೋರ್ಸ್‌ನವರಿಗೆ ಸರ್ಕಾರಿ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಉಳಿದದ್ದು ಖಾಸಗಿ ಬ್ಯಾಂಕ್ ಸಾಲ, ಅದಕ್ಕೆ ಅಪ್ಪ ಅಮ್ಮ ಸಹಿ ಹಾಕಬೇಕಾಗುತ್ತದೆ.

ನಿಮ್ಮದು ಟೆಕ್ಸಸ್, ಅದು ದೊಡ್ಡ ಅದೃಷ್ಟ. ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಡಲ್ಲಾಸ್‌ನ ಟೆಕ್ಸಸ್ ಎ ಅಂಡ್ ಎಂ, 2021ರಲ್ಲಿ ಶುರುವಾದ ಎಲ್ ಪಾಸೊದ ಟೆಕ್ಸಸ್ ಟೆಕ್, ನಾಲ್ಕೂ ಸರ್ಕಾರಿ. ಸುಮಾರು ನೂರಕ್ಕೆ 90 ಸೀಟು ರಾಜ್ಯದವರಿಗೇ, ಶುಲ್ಕವೂ ಖಾಸಗಿಗಿಂತ ಬಹಳ ಕಮ್ಮಿ. 3.1 ಇಟ್ಟುಕೊಂಡು ಅವಸರದಲ್ಲಿ ಯಾವುದೋ ದೂರದ ದುಬಾರಿ ಶಾಲೆಯಲ್ಲಿ ಸೀಟು ಸಿಕ್ಕಿತು ಅನ್ನಿ, ಅದಕ್ಕೆ ಕಟ್ಟುವ ಹೆಚ್ಚಿನ ಸಾಲದ ಪಕ್ಕ ಒಂದು ವರ್ಷ ಕಾಯೋದು ಏನೇನೂ ಅಲ್ಲ. ಆ ನಾಲ್ಕು ಶಾಲೆಗಳ ಕಳೆದ ವರ್ಷದ ಜಿಪಿಎ, ಡ್ಯಾಟ್ ಸರಾಸರಿ ಅವರ ಪುಟಗಳಲ್ಲೇ ಸಿಗುತ್ತವೆ. ಅವಳ ಎಕ್ಸೆಲ್ ಶೀಟ್ ಪಕ್ಕ ಅವನ್ನ ಬರೆದುಕೊಳ್ಳಲಿ.

ಮಲ್ನಾಡ್_ಅಮ್ಮ:

ಸರ್, ಸಾಲದ ಮಿತಿ ವಿಷಯ ನಮಗೆ ಗೊತ್ತೇ ಇರಲಿಲ್ಲ. ಯಜಮಾನರು ಈಗ ಅದನ್ನೇ ಓದುತ್ತಾ ಕೂತಿದ್ದಾರೆ. ಟೆಕ್ಸಸ್ ಅರ್ಜಿ ಯಾವಾಗ ತೆರೆಯುತ್ತದೆ?

ಲೆಕ್ಕದ_ಪುಸ್ತಕ:

ಮೇ ತಿಂಗಳಲ್ಲಿ, ಆಡ್ಸಾಸ್‌ಗಿಂತ ಸ್ವಲ್ಪ ಮೊದಲೇ. ಅರ್ಜಿ ಬಂದ ಹಾಗೆ ಸಂದರ್ಶನದ ಕರೆ ಕೊಡುತ್ತಾ ಹೋಗುತ್ತಾರೆ, ಹಾಗಾಗಿ ಮುಂದಿನ ವರ್ಷ ತೆರೆದ ಕೂಡಲೇ ಕಳಿಸೋ ಹಾಗಿರಲಿ. ನಾಲ್ಕನೇ ವರ್ಷದ ಗ್ರೇಡ್ ಬಂದ ತಕ್ಷಣ ಟ್ರಾನ್ಸ್‌ಕ್ರಿಪ್ಟ್‌ಗೆ ಹೇಳಿಬಿಡಿ, ಡ್ಯಾಟ್ ಅಷ್ಟರೊಳಗೆ ಮುಗಿದಿರಬೇಕು. ಶಿಫಾರಸು ಪತ್ರ ಕೊಡೋರಿಗೆ ಜನವರಿಯಲ್ಲೇ ಒಂದು ಸಲ ನೆನಪಿಸಲಿ, ಮೇನಲ್ಲಿ ಪ್ರೊಫೆಸರ್‌ಗಳು ಕೈಗೆ ಸಿಗೋದಿಲ್ಲ.